ಕುಂಕುಮದಲ್ಲಿ ಬರೆದ ಹೆಸರು

ಪ್ರತಿ ಬ್ಯಾಚಿನ ಮೂರನೆಯ ವಾರ ನಾನು ಮಿಸ್ತ್ರಿಯ ಕಥೆ ಹೇಳುತ್ತೇನೆ. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಚೀನಿ ಕ್ಲಾಸು ನಡೆಯುತ್ತದೆ. ಬರುವವರು ಮಷೀನು ಮಾರುವವರು, ರೈಸ್ ಮಿಲ್ಲಿನ ಗುಮಾಸ್ತರು, ಯರಗೇರಾದ ಕ್ಯಾಂಪಸ್ಸಿನಿಂದ ಬಸ್ಸು ಹಿಡಿದು ಬರುವ ಒಂದಿಬ್ಬರು ವಿದ್ಯಾರ್ಥಿಗಳು. ಮೊದಲ ಎರಡು ವಾರ ಉಚ್ಚಾರ ಮಾಡಿ ಮಾಡಿ ಅವರ ದವಡೆ ನೋಯುತ್ತದೆ. ಮೂರನೆಯ ವಾರಕ್ಕೆ ಅರ್ಧ ಜನ ಬಿಟ್ಟುಹೋಗುವ ಲಕ್ಷಣ ಕಾಣುತ್ತದೆ. ಆಗ ನಗಿಸಬೇಕು. ನಗಿಸಲು ಮಿಸ್ತ್ರಿ ಬೇಕು.

ನಾನು ಹೇಳುವ ಕಥೆ ಇಷ್ಟು. ಮಾನ್ವಿಯ ಒಂದು ರೈಸ್ ಮಿಲ್ಲಿಗೆ ಚೀನಾದಿಂದ ಹೊಸ ಮಷೀನು ಬಂತು. ಅದನ್ನು ಜೋಡಿಸಿ ಚಾಲೂ ಮಾಡಲು ಅಲ್ಲಿಯ ಹಿರಿಯ ಎಂಜಿನಿಯರ್ ಒಬ್ಬರು ಬಂದರು. ದೇವದುರ್ಗದ ಒಬ್ಬ ಮಿಸ್ತ್ರಿ ಇದ್ದ. ತನಗೆ ಚೀನಿ ಬರುತ್ತದೆಂದು ಊರೆಲ್ಲ ಸಾರಿಕೊಂಡು ತಿರುಗುತ್ತಿದ್ದವನು. ಅತಿಥಿಗೆ ಮರ್ಯಾದೆ ಮಾಡಲು ಹೋಗಿ ಅವರ ಹೆಸರನ್ನು ಮಷೀನಿನ ಮೇಲೆ ಕುಂಕುಮದಲ್ಲಿ ಬರೆದ. ನಮ್ಮಲ್ಲಿ ಕುಂಕುಮ ಎಂದರೆ ಶುಭ. ಅವರಲ್ಲಿಯೂ ಕೆಂಪು ಶುಭವೇ, ಮದುವೆಗೂ ಹಬ್ಬಕ್ಕೂ ಕೆಂಪೇ ಬೇಕು. ಆದರೆ ಬದುಕಿರುವ ಮನುಷ್ಯನ ಹೆಸರನ್ನು ಮಾತ್ರ ಕೆಂಪಿನಲ್ಲಿ ಬರೆಯಬಾರದು. ಹಿಂದೆ ಮರಣದಂಡನೆಯಾದವರ ಹೆಸರನ್ನು ಹಾಗೆ ಬರೆಯುತ್ತಿದ್ದರಂತೆ. ಇಷ್ಟು ಹೇಳಿ ನಾನು ಎಂಜಿನಿಯರ್ ಮುಖ ಮಾಡಿ ತೋರಿಸುತ್ತೇನೆ. ಆಮೇಲೆ ತೆಂಗಿನಕಾಯಿ ಹಿಡಿದು ಬಾಯಿ ಬಿಟ್ಟು ನಿಂತ ಮಿಸ್ತ್ರಿಯ ಮುಖ. ಕ್ಲಾಸು ಬಿದ್ದು ಬಿದ್ದು ನಗುತ್ತದೆ. "ಭಾಷೆ ಬಂದರೆ ಸಾಲದು, ಸಂಸ್ಕೃತಿ ತಿಳಿಯಬೇಕು" ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಎಲ್ಲರೂ ಬರೆದುಕೊಳ್ಳುತ್ತಾರೆ.

ಹೋದ ಬ್ಯಾಚಿನಲ್ಲಿ ಯರಗೇರಾದಿಂದ ಬರುವ ಒಬ್ಬ ಹುಡುಗಿ ಬರೆದುಕೊಳ್ಳಲಿಲ್ಲ. ನಗು ನಿಂತ ಮೇಲೆ ಎದ್ದು ನಿಂತಳು.

"ಸರ್, ಒಂದ್ ಡೌಟ್ ಅದರಿ. ಆ ಮಿಸ್ತ್ರಿಗೆ ಚೀನಿ ಮಾತು ಅಷ್ಟ ಬರತಿತ್ತು, ಒಂದಕ್ಷರ ಬರಿಯಾಕ ಬರತಿದ್ದಿಲ್ಲ ಅಂತ ಹೋದ ವಾರ ನೀವ ಹೇಳಿದ್ರಿ. ಮತ್ತ ಮಷೀನ್ ಮ್ಯಾಲೆ ಹೆಸರು ಯಾರು ಬರದ್ರಿ?"

ಹೋದ ವಾರ ಹಾಗೆ ಹೇಳಿದ್ದು ನನಗೆ ನೆನಪಿರಲಿಲ್ಲ. ಹೇಳಿರಬಹುದು. ಅಕ್ಷರ ಕಲಿಯದೆ ಬರೀ ಮಾತು ಕಲಿತವರನ್ನು ಹಂಗಿಸಲು ಅವನನ್ನೇ ತೆಗೆದುಕೊಳ್ಳುವುದು ನನ್ನ ರೂಢಿ.

"ಏನವ್ವಾ, ಪೊಲೀಸ್ ಪರೀಕ್ಷಾ ಕಟ್ಟೀಯೇನು? ಸಾಕ್ಷಿ ಕೇಳಾಕತ್ತೀಯಲ್ಲ. ಕುಂದ್ರು" ಎಂದೆ.

ಮತ್ತೆ ನಗು ಎದ್ದಿತು, ಈ ಸಲ ಅವಳ ಮೇಲೆ. ಅವಳು ಕೂತಳು. ಕಿವಿ ಕೆಂಪಾಗಿತ್ತು. ನನಗೆ ಹಿತವೆನಿಸಿತು. ಆ ಹಿತ ಕ್ಲಾಸು ಮುಗಿದು ಮೆಟ್ಟಿಲು ಇಳಿಯುವವರೆಗೂ ಉಳಿಯಲಿಲ್ಲ. ಟೈರ್ ಅಂಗಡಿಯ ಮುಂದೆ ನಿಂತು ಫೋನಿನಲ್ಲಿ ಮಾನ್ವಿ ಮಿಲ್ಲಿನ ಆ ದಿನದ ಫೋಟೊ ಹುಡುಕಿದೆ. ಸಿಕ್ಕಿತು. ಬಿಳಿ ಮಷೀನು, ಅದರ ಮೇಲೆ ಮೂರು ಕೆಂಪು ಅಕ್ಷರ, ಮೂರನೆಯದರ ಕಾಲು ಎಣ್ಣೆಯಿಂದ ಕೆಳಗಿಳಿದಿದೆ. ಪಕ್ಕದಲ್ಲಿ ನಾನು ನಗುತ್ತಾ ನಿಂತಿದ್ದೇನೆ. ನನ್ನ ಬಲಗೈ ತೋರುಬೆರಳು ಎರಡನೆಯ ಗಂಟಿನವರೆಗೆ ಕೆಂಪು. ಮಿಸ್ತ್ರಿ ಫೋಟೊದಲ್ಲಿಲ್ಲ. ಅಂಚಿನಲ್ಲಿ ತೆಂಗಿನಕಾಯಿ ಹಿಡಿದ ಒಂದು ಕೈ ಮಾತ್ರ ಇದೆ.

ಈ ಫೋಟೊವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಬೆರಳು ನೋಡಿರಲಿಲ್ಲ. ನೋಡಿಯೂ ಮರೆತಿದ್ದೆನೋ. ಇದನ್ನು ಬರೆಯುವಾಗಲೂ ನನಗೆ ಆ ಎರಡರ ನಡುವಿನ ವ್ಯತ್ಯಾಸ ಸ್ಪಷ್ಟವಿಲ್ಲ. ಹಾಗಾಗಿ ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ.

ನಾನು ಚೀನಿ ಕಲಿತದ್ದು ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲಿ, ಎರಡು ವರ್ಷದ ಡಿಪ್ಲೊಮಾ. ಚೀನಾ ನೋಡಿಲ್ಲ. "ಚೀನಿಯರು ನೇರವಾಗಿ ಇಲ್ಲ ಅನ್ನುವುದಿಲ್ಲ", "ಉಡುಗೊರೆ ಕೊಟ್ಟರೆ ಎರಡು ಸಲ ಬೇಡ ಎಂದು ಮೂರನೆಯ ಸಲ ತೆಗೆದುಕೊಳ್ಳುತ್ತಾರೆ" ಎಂಬಂಥ ಪಾಠಗಳನ್ನು ನಾನು ಅಲ್ಲಿ ನಂಬಲಿಲ್ಲ. ಅಷ್ಟು ಕೋಟಿ ಜನ ಒಂದೇ ತರಹ ಹೇಗೆ ಇರುತ್ತಾರೆ ಎಂದು ಪ್ರಾಧ್ಯಾಪಕರ ಜೊತೆ ಜಗಳಾಡುತ್ತಿದ್ದೆ. ರಾಯಚೂರಿಗೆ ಬಂದು ಕೋಣೆ ಬಾಡಿಗೆ ಹಿಡಿದ ಮೇಲೆ ಅದೇ ಪಾಠಗಳನ್ನು ಹೇಳಿಕೊಡತೊಡಗಿದೆ. ನಂಬದೆ ಹೇಳಿಕೊಡುವುದು ನಂಬಿ ಹೇಳಿಕೊಡುವುದಕ್ಕಿಂತ ಸುಲಭ.

ಮೊದಲ ಬ್ಯಾಚಿಗೆ ಮಿಸ್ತ್ರಿ ಬಂದ. ಐವತ್ತು ದಾಟಿತ್ತು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ದೇವದುರ್ಗದವನು, ಮನೆಯಲ್ಲಿ ದಖನಿ ಮಾತು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸು. ಹೊರ ರಾಜ್ಯದಲ್ಲಿ ಒಂದು ವಿದ್ಯುತ್ ಸ್ಥಾವರ ಕಟ್ಟುವಾಗ ಚೀನಿ ಫಿಟ್ಟರುಗಳ ಕೈಕೆಳಗೆ ಮೂರು ವರ್ಷ ದುಡಿದಿದ್ದನಂತೆ. ಅವರ ಜೊತೆಯೇ ಉಂಡು, ಅವರಿಂದಲೇ ಬೈಸಿಕೊಂಡು ಮಾತು ಕಲಿತಿದ್ದ. ಮೊದಲ ದಿನ ನಾನು ಪುಸ್ತಕದ ಚೀನಿಯಲ್ಲಿ, "ತಮ್ಮ ಹೆಸರೇನು, ತಾವು ಎಲ್ಲಿಂದ ಬಂದಿರಿ" ಎಂದು ಕೇಳಿದೆ. ಅವನು ಹಿಂದಿನ ಬೆಂಚಿನಿಂದ ಎದ್ದು, ಬಸ್ಸು ಕೆಟ್ಟದ್ದು, ಕಂಡಕ್ಟರ್ ಜೊತೆ ಜಗಳವಾದದ್ದು, ಈಗ ಹೊಟ್ಟೆ ಹಸಿದದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ನನಗೆ ಅರ್ಧ ಅರ್ಥವಾಯಿತು. ಅರ್ಥವಾಗದ ಅರ್ಧದಲ್ಲಿ ಬೈಗುಳವೂ ಇದ್ದಿರಬೇಕು, ಏಕೆಂದರೆ ಹೇಳಿ ತಾನೇ ನಾಲಗೆ ಕಚ್ಚಿಕೊಂಡ. ಕ್ಲಾಸಿನವರೆಲ್ಲ ನನ್ನನ್ನು ಬಿಟ್ಟು ಅವನನ್ನು ನೋಡುತ್ತಿದ್ದರು.

ಅವತ್ತಿನಿಂದಲೇ ಅವನ ಮೇಲೆ ನನಗೆ ಸಿಟ್ಟು. ಇದರಲ್ಲಿ ಅನುಮಾನವಿಲ್ಲ.

ಅವನಿಗೆ ನನ್ನಿಂದ ಬೇಕಾಗಿದ್ದುದು ಒಂದೇ. "ಸರ್, ಮಾತು ಅದರಿ ನನ್ನ ಹಂತೇಕ. ಅಕ್ಷರ ಕಲಸ್ರಿ. ಮಷೀನ್ ಮ್ಯಾಲಿಂದು ಓದಾಕ ಬಂದ್ರ ಸಾಕು, ನನ್ನ ಹೆಸರು ಬರಿಯಾಕ ಬಂದ್ರ ಸಾಕು."

"ಪಾನಾ ಹಿಡಿದು ನಟ್ಟು ತಿರುವೋ ಕೈಗೆ ಚೀನಿ ಅಕ್ಷರ ಯಾಕೋ?" ಎಂದೆ. ನನಗಿಂತ ಅಷ್ಟು ದೊಡ್ಡವನನ್ನು 'ಯಾಕೋ' ಎಂದಾಗ ಮುಂದಿನ ಬೆಂಚಿನ ಗುಮಾಸ್ತ ತಲೆ ಎತ್ತಿ ನೋಡಿದ. ಮಿಸ್ತ್ರಿ ನಕ್ಕ. ನಾನು ಅವನನ್ನು ಬೋರ್ಡಿಗೆ ಕರೆದೆ. ಸೀಮೆಸುಣ್ಣ ಕೊಟ್ಟು, ಹದಿನೈದು ಗೆರೆಯ ಒಂದು ಅಕ್ಷರವನ್ನು ನೋಡಿ ಬರೆಯಲು ಹೇಳಿದೆ. ಒಂದು ಗೆರೆಯ ಅಕ್ಷರದಿಂದ ಶುರು ಮಾಡಬೇಕೆಂಬುದು ಯಾವ ಮಾಸ್ತರನಿಗೂ ಗೊತ್ತಿರುತ್ತದೆ. ಅವನು ಬೆವೆತು ಬೆವೆತು ಬರೆದ. "ನೋಡ್ರಿ, ಹಸಿ ಹೊಲದಾಗ ಟ್ರ್ಯಾಕ್ಟರ್ ಹಾದಂಗ ಆಗ್ಯದ" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮೂರು ತಿಂಗಳು ಪೂರ್ತಿ ಬಂದ. ಒಂದು ಅಕ್ಷರವನ್ನೂ ನಾನು ಅವನಿಗೆ ಸರಿಯಾಗಿ ಕಲಿಸಲಿಲ್ಲ.

ಅವನ ಆತುರಕ್ಕೆ ಕಾರಣವಿತ್ತು. ಮಾನ್ವಿಯ ಮಿಲ್ಲಿಗೆ ಅಕ್ಕಿಯಲ್ಲಿ ಕಪ್ಪು ಕಾಳು ಆರಿಸಿ ಹಾಕುವ ಹೊಸ ಮಷೀನು ಬರುವುದಿತ್ತು. ಮಷೀನಿನ ಕಂಪನಿಯವರು ಇಲ್ಲಿಯ ಒಬ್ಬನನ್ನು ಆರಿಸಿ, ನಲವತ್ತು ದಿನ ಚೀನಾಕ್ಕೆ ಕರೆಸಿಕೊಂಡು ರಿಪೇರಿ ಕಲಿಸುತ್ತಾರೆ. ಬಂದ ಮೇಲೆ ರಾಯಚೂರು, ಮಾನ್ವಿ, ದೇವದುರ್ಗದ ಕಡೆಯ ಮಿಲ್ಲುಗಳೆಲ್ಲ ಅವನ ಕೈಗೆ. ಆರಿಸುವವರು ಮಷೀನು ಜೋಡಿಸಲು ಬರುವ ಆ ಎಂಜಿನಿಯರ್. ಮಿಸ್ತ್ರಿ ಪಾಸ್‌ಪೋರ್ಟ್ ಮಾಡಿಸಿದ್ದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕ್ಲಾಸಿಗೆ ತಂದು ಎಲ್ಲರಿಗೂ ತೋರಿಸಿದ. ನನ್ನ ಕೈಗೆ ಕೊಡುವಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

"ಈ ವಯಸ್ಸಿನಾಗ ಒಂದ್ ಸಲ ಹೋಗಿ ಬರತೀನ್ರಿ ಸರ್. ಆಮ್ಯಾಲೆ ಮಂದಿ ಮಿಲ್ಲಿನಾಗ ಕೂಲಿ ಮಾಡೋದು ತಪ್ಪತದ."

ನಾನು ಅದನ್ನು ತೆರೆಯದೆ ಹಿಂದಕ್ಕೆ ಕೊಟ್ಟೆ. ನಾನು ನೋಡದ ದೇಶವನ್ನು ಒಂದಕ್ಷರ ಬಾರದ ಇವನು ನೋಡಿ ಬರುತ್ತಾನೆ ಎಂದು ಮಾತ್ರ ನನಗೆ ಕಂಡಿತು.

ಎಂಜಿನಿಯರ್ ಬಂದರು. ಅರವತ್ತರ ಹತ್ತಿರದವರು, ಕಡಿಮೆ ಮಾತು, ಕೈಯಲ್ಲಿ ಯಾವಾಗಲೂ ಬಿಸಿನೀರಿನ ಸ್ಟೀಲ್ ಬಾಟಲಿ. ಮಿಲ್ಲಿನ ಸಾವ್ಕಾರರು ನನ್ನನ್ನು ದುಭಾಷಿಯಾಗಿ ಕರೆಸಿಕೊಂಡರು. ಆರು ದಿನ ಕೆಲಸ ನಡೆಯಿತು. ಎಂಜಿನಿಯರ್ ಮಿಸ್ತ್ರಿಯನ್ನು 'ಶಿಫು' ಎಂದು ಕರೆಯುತ್ತಿದ್ದರು. ಕೈಕೆಲಸದಲ್ಲಿ ಪಳಗಿದವರನ್ನು ಅವರಲ್ಲಿ ಗೌರವದಿಂದ ಹಾಗೆ ಕರೆಯುತ್ತಾರೆ. ನನ್ನನ್ನು 'ಫಾನ್ಯಿ' ಎನ್ನುತ್ತಿದ್ದರು, ಎಂದರೆ ದುಭಾಷಿ. ನಾನು 'ಗುರು' ಎಂಬ ಮಾತಿಗೆ ಕಾದಿದ್ದೆ. ಮಷೀನಿನ ಕೆಳಗೆ ಮಲಗಿ ಅವರಿಬ್ಬರೂ ಮಾತಾಡುವಾಗ ನನ್ನ ಅಗತ್ಯವೇ ಬೀಳುತ್ತಿರಲಿಲ್ಲ. ನಾನು ಭತ್ತದ ಚೀಲದ ಮೇಲೆ ಕೂತು ಅವರ ನಾಲ್ಕು ಕಾಲು ನೋಡುತ್ತಿದ್ದೆ.

ಏಳನೆಯ ದಿನ ಬೆಳಿಗ್ಗೆ ಪೂಜೆ. ನಮ್ಮ ಕಡೆ ಹೊಸ ಮಷೀನನ್ನು ಪೂಜೆ ಮಾಡದೆ ಯಾರೂ ಚಾಲೂ ಮಾಡುವುದಿಲ್ಲ. ಬಾಳೆಕಂದು ಕಟ್ಟಿದ್ದರು, ಅಯ್ಯನೋರು ಬಂದಿದ್ದರು, ಬಟ್ಟಲಲ್ಲಿ ಎಣ್ಣೆಗೆ ಕುಂಕುಮ ಕಲಸಿ ಮಷೀನಿನ ಮೇಲೆ 'ಶುಭ', 'ಲಾಭ' ಎಂದು ಬರೆದಾಗಿತ್ತು. ಎಂಜಿನಿಯರ್ ಇನ್ನೂ ರಾಯಚೂರಿನ ಲಾಡ್ಜಿನಿಂದ ಬಂದಿರಲಿಲ್ಲ.

"ಮಾಸ್ತರ, ಒಂದ್ ಕೆಲಸ ಮಾಡ್ರಿ" ಎಂದರು ಸಾವ್ಕಾರರು. "ಲಾಭದ ಬಾಜೂಕ ನಮ್ಮ ಪಾವಣ್ಯಾರ ಹೆಸರು ಅವರ ಅಕ್ಷರದಾಗ ಬರದುಬಿಡ್ರಿ. ಬಂದು ನೋಡಿದ ಕೂಡ್ಲೆ ಹಿರ್ಯಾರು ಖುಷಿ ಆಗಬೇಕು. ಏ, ಬಟ್ಟಲಾ ಕೊಡ್ರಿ ಮಾಸ್ತರಿಗೆ."

ಸುತ್ತ ಹಮಾಲರು ನಿಂತಿದ್ದರು. ಆರು ದಿನದಲ್ಲಿ ಮೊದಲ ಸಲ ಎಲ್ಲರೂ ನನ್ನ ಕೈ ನೋಡುತ್ತಿದ್ದರು. ನಾನು ಬೆರಳದ್ದಿದೆ.

ಹೈದರಾಬಾದಿನ ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ, ಬದುಕಿದ್ದವರ ಹೆಸರು ಕೆಂಪಿನಲ್ಲಿ ಬೇಡ ಎಂಬ ಸಾಲು ನನ್ನದೇ ಕೈಬರಹದಲ್ಲಿದೆ, ಕೆಳಗೆ ಗೆರೆ ಎಳೆದಿದ್ದೇನೆ. ಅದು ನನಗೆ ಸಿಕ್ಕಿದ್ದು ಆಮೇಲೆ. ಬೆರಳದ್ದುವಾಗ ಅದು ನೆನಪಿತ್ತೇ? ಇರಲಿಲ್ಲ ಎಂದುಕೊಂಡಿದ್ದೇನೆ. ಎರಡು ಅಕ್ಷರ ಆಗಿತ್ತು. ಮಿಸ್ತ್ರಿ ಎಲ್ಲಿಂದಲೋ ಬಂದು ನನ್ನ ಹಿಂದೆ ನಿಂತು, ತಗ್ಗಿದ ದನಿಯಲ್ಲಿ ಚೀನಿಯಲ್ಲಿ ಏನೋ ಹೇಳಿದ. ಏನು ಹೇಳಿದ ಎಂಬುದು ನನ್ನ ನೆನಪಿನಲ್ಲಿ ಇಲ್ಲ. ನಾನು ಹೇಳಿದ್ದು ಇದೆ, ಏಕೆಂದರೆ ಕೂಗಿ ಹೇಳಿದೆ.

"ನನ್ನ ಮುಂದ ಚೀನಿ ಬಿಚ್ಚಬ್ಯಾಡ. ಹೋಗಿ ಟೆಂಗಿನಕಾಯಿ ತಗೊಂಬಾ, ಹೋಗು."

ಹಮಾಲರು ನಕ್ಕರು. ಅವನು ತೆಂಗಿನಕಾಯಿ ತರಲು ಹೋದ. ನಾನು ಮೂರನೆಯ ಅಕ್ಷರ ಮುಗಿಸಿದೆ. ಯಾರೋ ಫೋಟೊ ತೆಗೆದರು.

ಎಂಜಿನಿಯರ್ ಬಂದರು. ನಗುತ್ತಲೇ ಬಂದರು. ಮಷೀನಿನ ಮುಂದೆ ನಿಂತರು. ನಗು ಒಂದೇ ಸಲ ಹೋಗಲಿಲ್ಲ. ಬಾಯಿಯಲ್ಲಿ ಇತ್ತು, ಕಣ್ಣಿನಿಂದ ಹೋಗಿತ್ತು. ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ಇದು ಯಾರ ಕೆಲಸ?" ಎಂದು ಕೇಳಿದರು.

ಆ ಅಂಗಳದಲ್ಲಿ ಚೀನಿ ತಿಳಿಯುವವರು ಮೂವರು. ಎರಡೂ ಭಾಷೆ ತಿಳಿಯುವವರು ಇಬ್ಬರು, ನಾನು ಮತ್ತು ಮಿಸ್ತ್ರಿ. ಅವನು ತೆಂಗಿನಕಾಯಿ ಹಿಡಿದು ಮೂರು ಮಾರು ದೂರದಲ್ಲಿದ್ದ. ನಾನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಚೀನಿಯಲ್ಲಿ, ವ್ಯಾಕರಣ ತಪ್ಪದಂತೆ ಹೇಳಿದೆ: "ಶಿಫು ಬರೆಸಿದರು. ನಿಮ್ಮ ಪದ್ಧತಿ ತನಗೆ ಗೊತ್ತು ಎಂದರು. ನಾನು ಬೇಡ ಎಂದಿದ್ದೆ."

"ಏನಂತ ಮಾಸ್ತರ? ಯಾಕ ಮಾರಿ ಸಣ್ಣದಾತು?" ಎಂದರು ಸಾವ್ಕಾರರು.

"ಅವರಲ್ಲಿ ಕೆಂಪು ಅಕ್ಷರದಾಗ ಹೆಸರು ಬರದ್ರ ಸತ್ತೋರ ಲೆಕ್ಕರಿ. ಕುಂಕುಮ ನಡಿತದ ಅಂತ ಮಿಸ್ತ್ರಿನ ಹೇಳಿದ್ದ. ಅವನ ಮಾತು ಕೇಳಿ ಕೆಟ್ಟೆ" ಎಂದೆ.

ಎರಡು ಭಾಷೆಯಲ್ಲಿ ಎರಡು ಸುಳ್ಳು. ಎರಡನ್ನೂ ಕೇಳಿಸಿಕೊಂಡವನು ಅವನೊಬ್ಬನೇ. ಬರೆ ಎಂದವರು ಸಾವ್ಕಾರರು. ಆದರೆ ಅತಿಥಿಯ ಮುಂದೆ ಆ ತಪ್ಪು ತಮ್ಮ ತಲೆಗೆ ಬರುವುದು ಅವರಿಗೂ ಬೇಕಿರಲಿಲ್ಲ. ಅವರು ತಕ್ಷಣ ನನ್ನ ಮಾತು ಹಿಡಿದುಕೊಂಡರು.

ಎಂಜಿನಿಯರ್ ಅವನ ಕಡೆ ನೋಡಿ, "ಶಿಫು?" ಎಂದರು. ಒಂದೇ ಮಾತು, ಪ್ರಶ್ನೆಯಂತೆ. ಅವನು ಬಾಯಿ ತೆರೆದಿದ್ದರೆ ಅರ್ಧ ನಿಮಿಷದಲ್ಲಿ ನನ್ನ ಚೀನಿ, ನನ್ನ ಕ್ಲಾಸು, ಎಲ್ಲ ಮುಗಿಯುತ್ತಿತ್ತು. ಅವನು ನನ್ನನ್ನು ನೋಡಿದ. ಎಷ್ಟು ಹೊತ್ತು ಎಂಬುದರಲ್ಲಿ ನನ್ನ ನೆನಪನ್ನು ನಂಬಲಾರೆ, ನನಗೆ ಬಹಳ ಹೊತ್ತು ಅನ್ನಿಸಿತು. ಆಮೇಲೆ ತೆಂಗಿನಕಾಯಿ ಕೆಳಗಿಟ್ಟು, ಎಂಜಿನಿಯರ್‌ಗೆ ತಲೆ ಬಗ್ಗಿಸಿ, "ತಪ್ಪಾಯಿತು" ಎಂದು ಚೀನಿಯಲ್ಲಿ ಹೇಳಿದ. ಸೀಮೆಎಣ್ಣೆಯ ಅರಿವೆ ತಂದು ಆ ಮೂರು ಅಕ್ಷರ ಒರೆಸಿದ.

ಅಷ್ಟಕ್ಕೆ ಮುಗಿಯಲಿಲ್ಲ. ಒರೆಸುವಾಗ ಪಕ್ಕದ 'ಲಾಭ'ದ ಬಾಲವೂ ಹೋಯಿತು. ಅಯ್ಯನೋರು ಎದ್ದು ನಿಂತರು. "ಹಚ್ಚಿದ ಕುಂಕುಮ ಅಳಸ್ತಾರೇನ್ರೋ? ಅದೂ ಮಷೀನ್ ಚಾಲೂ ಆಗೋಕಿಂತ ಮೊದ್ಲ?"

ಹಮಾಲರಲ್ಲಿ ಒಬ್ಬ, "ಅಳಸಾಕ ಈ ಸಾಬನ ಬೇಕಾಗಿದ್ದೇನು?" ಎಂದ. ಇನ್ನೊಬ್ಬ ಏನೋ ಅಂದ. ಸಾವ್ಕಾರರು ಈಗ ಅತಿಥಿಗೂ ದೇವರಿಗೂ ಒಟ್ಟಿಗೆ ಉತ್ತರ ಕೊಡಬೇಕಾಗಿತ್ತು. ಅವರು ಸುಲಭದ ದಾರಿ ಹಿಡಿದರು.

"ಲೇ ಮಿಸ್ತ್ರಿ, ಬರಸಿ ಅವರ ಮನಸ್ಸು ಕೆಡಿಸಿದಿ, ಅಳಸಿ ನಮ್ಮ ಪೂಜಿ ಕೆಡಿಸಿದಿ. ನಡಿ ಹೊರಗ. ನಿನ್ನ ಸಾಮಾನು ಕಳಸ್ತೀನಿ."

ಅವನು ಅರಿವೆಯನ್ನು ಮಡಚಿ ಚೀಲದ ಮೇಲಿಟ್ಟು ಹೋದ. ನಾನು ಬೆನ್ನ ಹಿಂದಿನ ಕೈಯನ್ನು ಮೆಲ್ಲಗೆ ಕರವಸ್ತ್ರಕ್ಕೆ ಒರೆಸಿಕೊಂಡೆ.

ಅವತ್ತು ಸಂಜೆ ಎಂಜಿನಿಯರ್ ಜೊತೆ ಕಾರಿನಲ್ಲಿ ರಾಯಚೂರಿಗೆ ಹೊರಟೆ. ಕುರ್ಡಿಯ ಕಡೆ ಹೋಗುವ ಕ್ರಾಸಿನ ಹತ್ತಿರ ಕುರಿಹಿಂಡು ಅಡ್ಡ ಬಂದು ಕಾರು ನಿಂತಿತು. ಹಿಂಡು ನಿಜವಾಗಿಯೂ ಇತ್ತೋ, ಅವರ ಪ್ರಶ್ನೆಗೆ ಒಂದು ಜಾಗ ಬೇಕೆಂದು ನಾನೇ ಆಮೇಲೆ ತಂದು ನಿಲ್ಲಿಸಿದೆನೋ ತಿಳಿಯದು. ಅವರು ಕಿಟಕಿಯ ಕಡೆ ನೋಡುತ್ತಲೇ ಕೇಳಿದರು: "ಫಾನ್ಯಿ, ಆ ಶಿಫುಗೆ ಇದು ಗೊತ್ತಿರಬೇಕಿತ್ತು. ನಮ್ಮವರ ಜೊತೆ ಮೂರು ವರ್ಷ ಇದ್ದವರು. ನಿಜವಾಗಿಯೂ ಅವರೇ ಬರೆಸಿದ್ದೇ?"

ನಿಜ ಹೇಳಲು ಅವರು ನನಗೆ ಒಂದು ಬಾಗಿಲು ತೆರೆದುಕೊಟ್ಟಿದ್ದರು. ನಾನು, "ಹೌದು" ಎಂದೆ. ಯಾರೂ ನೋಡದಿರುವಾಗ, ಯಾರ ಭಯವೂ ಇಲ್ಲದಿರುವಾಗ ಹೇಳಿದ ಈ ಮೂರನೆಯ ಸುಳ್ಳಿಗೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ.

ಚೀನಾಕ್ಕೆ ಹೋದವನು ಸಾವ್ಕಾರರ ತಂಗಿಯ ಮಗ. ಅವನ ಕಾಗದಪತ್ರಗಳನ್ನು ಚೀನಿಯಲ್ಲಿ ತುಂಬಿ ಕೊಟ್ಟವನು ನಾನು.

ಆ ಹುಡುಗಿ ಪ್ರಶ್ನೆ ಕೇಳಿದ ವಾರವೇ ನಾನು ದೇವದುರ್ಗದ ಬಸ್ಸು ಹತ್ತಿದೆ. ಪಶ್ಚಾತ್ತಾಪ ಎಂದು ಯಾರೂ ತಿಳಿಯಬಾರದು. ನನಗೆ ಬೇಕಾಗಿದ್ದುದು ಒಂದು ಮಾಹಿತಿ. ಆ ಬೆಳಿಗ್ಗೆ ಅವನು ನನ್ನ ಬೆನ್ನ ಹಿಂದೆ ನಿಂತು ಏನು ಹೇಳಿದ? ಎಚ್ಚರಿಸಿದ್ದರೆ ನಾನು ಕೆಟ್ಟವನು. ಬೇರೆ ಏನಾದರೂ ಹೇಳಿದ್ದರೆ, ಅಷ್ಟೊಂದು ಕೆಟ್ಟವನಲ್ಲ. ಈ ಲೆಕ್ಕಾಚಾರ ಮಾಡುತ್ತಾ ಕಿಟಕಿಯ ಪಕ್ಕ ಕೂತಿದ್ದೆ.

ಅವನ ಅಂಗಡಿ ಬಸ್ ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಹಿಟ್ಟಿನ ಗಿರಣಿ, ಖಾರ ಕುಟ್ಟುವ ಮಷೀನು ರಿಪೇರಿ ಮಾಡುತ್ತಿದ್ದ. ಹಿಂದೆಯೇ ಮನೆ, ನಡುವೆ ಒಂದು ಪರದೆ. ರಿಪೇರಿಗೆ ಬಂದ ಖಾರದ ಮಷೀನೊಂದನ್ನು ಬಿಚ್ಚಿ ಕೂತಿದ್ದ. ಗಾಳಿಯ ತುಂಬ ಕೆಂಪು ಪುಡಿ. ನನಗೆ ಸೀನು ಬಂತು, ಕಣ್ಣಲ್ಲಿ ನೀರು ಸುರಿಯಿತು.

"ಅಳಬ್ಯಾಡ್ರಿ ಸರ್, ಖಾರ ಅದ" ಎಂದ ತಲೆ ಎತ್ತದೆ. ಆಮೇಲೆ ಎದ್ದು, ಕೈ ಒರೆಸಿಕೊಂಡು, "ಬರ್ರಿ, ಬರ್ರಿ. ಕುಂದರ್ರಿ" ಎಂದು ಸ್ಟೂಲು ಎಳೆದ.

ಪರದೆಯ ಹಿಂದಿನಿಂದ ಹೆಂಗಸಿನ ದನಿ, "ಕೌನ್ ಆಯೆ ಜೀ?" ಎಂದಿತು.

"ಮೇರೆ ಉಸ್ತಾದ್" ಎಂದ, ನನ್ನ ಗುರು ಎಂದು. ಒಳಗೆ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಚಹಾ ಬಂತು. ಒಂದೇ ಕಪ್ಪು.

"ಕ್ಲಾಸ್ ಚಲೋ ನಡದದೇನ್ರಿ? ನಮ್ಮ ಕಥಿ ಹೇಳ್ತೀರಂತ. ಈ ಊರಿನವ ಒಬ್ಬ ನಿಮ್ಮಲ್ಲಿ ಕಲ್ತು ಬಂದಾನ. ಮಾರಿ ಮಾಡಿ ತೋರಸ್ತೀರಂತಲ್ಲ. ನನಗೂ ಒಮ್ಮೆ ತೋರಸ್ರಿ, ನೋಡೋಣ."

ನಾನು ಚಹಾ ಕುಡಿದೆ. ಆಮೇಲೆ ಕೇಳಿದೆ. ಅವತ್ತು ನೀ ನನಗ ಏನು ಹೇಳಿದಿ? ಈಗಲೂ 'ನೀ' ಎಂದೇ ಬಾಯಿಗೆ ಬಂತು.

ಅವನು ಒಂದು ಬೋಲ್ಟನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕಿ ಅಲ್ಲಾಡಿಸಿದ.

"ಹೆಸರು ಕೆಂಪಿನ್ಯಾಗ ಬರೀಬ್ಯಾಡ್ರಿ ಉಸ್ತಾದ್, ಒಳ್ಳೇದಲ್ಲ ಅಂದ್ನಿ. ನಾ ಕೆಲಸ ಮಾಡೋ ಜಾಗಾದಾಗ ಒಬ್ಬ ಹಾಜರಿ ಬೋರ್ಡಿನ ಮ್ಯಾಲೆ ಕೆಂಪು ಪೆನ್ನಿಲೆ ಒಬ್ಬನ ಹೆಸರು ಬರದು ಮಾರಾಮಾರಿ ಆಗಿತ್ರಿ. ಅದು ನೆನಪಿತ್ತು."

"ಕನ್ನಡದಾಗ ಯಾಕ ಹೇಳಲಿಲ್ಲ? ಕನ್ನಡದಾಗ ಹೇಳಿದ್ರ ಕೇಳ್ತಿದ್ದೆ."

"ಕನ್ನಡದಾಗ ಹೇಳಿದ್ರ ಹಮಾಲರಿಗೆ ತಿಳೀತಿತ್ತಲ್ರಿ, ಮಾಸ್ತರಿಗೆ ಗೊತ್ತಿಲ್ಲ, ಮಿಸ್ತ್ರಿಗೆ ಗೊತ್ತದ ಅಂತ. ನಿಮ್ಮ ಮರ್ಯಾದಿ ಉಳೀಲಿ ಅಂತ ಚೀನಿದಾಗ ಹೇಳಿದ್ನಿ."

ಅವನು ಹೇಳಿದ್ದು ನಿಜವೋ, ಇಷ್ಟು ವರ್ಷ ಕೂತು ಹೊಂದಿಸಿದ್ದೋ ಎಂದು ಯೋಚಿಸುತ್ತಿದ್ದೆ. ಹಾಗೆ ಯೋಚಿಸಿದ್ದಕ್ಕೂ ನನ್ನಲ್ಲಿ ಸಮಜಾಯಿಷಿ ಇಲ್ಲ.

"ಆಮ್ಯಾಲೆ ಎಂಜಿನಿಯರ್ ಕೇಳಿದಾಗರೆ ಹೇಳಬಹುದಿತ್ತಲ್ಲ" ಎಂದೆ. ತಪ್ಪು ಅವನದೇ ಎಂಬಂತೆ ನನ್ನ ದನಿ ಇತ್ತು.

ಅವನು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. "ನಮ್ಮ ಕೆಲಸದಾಗ ಒಂದು ಪದ್ಧತಿ ಅದ ಸರ್. ಗಿರಾಕಿ ಮುಂದ ಉಸ್ತಾದ್ ಏನರೆ ಕೆಡಿಸಿದ್ರ, ತಪ್ಪು ನಂದು ಅಂತ ಅವನ ಕೈಕೆಳಗ ಕಲಿಯೋ ಶಾಗಿರ್ದ್ ತಲಿ ಮ್ಯಾಲೆ ತಗೋಬೇಕು. ಅದು ಅರ್ಧ ಪದ್ಧತಿ. ಇನ್ನರ್ಧ ಉಸ್ತಾದನ ಮ್ಯಾಲೆ ಇರ್ತದ. ಎಂಟು ದಿನದಾಗ ಶಾಗಿರ್ದನ ಮನಿಗೆ ಬಂದು, ಅವನ ಮನ್ಯಾಗ ಉಂಡು, ಗಿರಾಕಿ ಕಡೆ ಕರಕೊಂಡು ಹೋಗಿ ಸರಿ ಮಾಡಬೇಕು. ನಾ ನನ್ನ ಅರ್ಧ ಮಾಡಿದ್ನಿ. ಎಂಟು ದಿನ ಮನ್ಯಾಗ ಇಬ್ಬರದು ಹೆಚ್ಚಿಗಿ ಅಡಗಿ ಮಾಡಸಿದ್ನಿ. ಇಕಿ ಇನ್ನೂ ಬೈತಾಳ."

ಪರದೆ ಅಲುಗಾಡಲಿಲ್ಲ. ಅವಳು ಅಲ್ಲೇ ನಿಂತಿದ್ದಳೆಂದು ನನಗೆ ಗೊತ್ತಿತ್ತು.

ಚೀನಿಯರು ಊಟಕ್ಕೆ ಕೂರುವಾಗ ಹಿರಿಯರು ಎಲ್ಲಿ ಕೂರಬೇಕು, ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟು ಯಾಕೆ ಇಡಬಾರದು ಎಂದು ನಾನು ವರ್ಷಗಟ್ಟಲೆ ಹೇಳಿಕೊಟ್ಟಿದ್ದೆ. ರಾಯಚೂರಿನಿಂದ ಎರಡು ತಾಸಿನ ದಾರಿಯ ಈ ಪದ್ಧತಿ ನನಗೆ ಗೊತ್ತಿರಲಿಲ್ಲ.

ಚೀನಿಯಲ್ಲಿ ಏನಾದರೂ ಹೇಳೋಣ ಎನ್ನಿಸಿತು. ಕ್ಷಮೆಯ ಮಾತು ಆ ಭಾಷೆಯಲ್ಲಿ ಸಣ್ಣದು, ಆಡಿದರೂ ಬೇರೆಯವರಿಗೆ ತಿಳಿಯುವುದಿಲ್ಲ. ಆಡಿದೆ. ಅವನು ಕೈ ಅಡ್ಡ ಮಾಡಿದ.

"ಅದು ಬ್ಯಾಡ್ರಿ. ಬಿಟ್ಟೀನಿ ಅದನ್ನ. ಖಾರದ ಮಷೀನ್‌ಗೆ ಚೀನಿ ಬೇಕಾಗಂಗಿಲ್ಲ."

ಹೊರಡಲು ಎದ್ದೆ. ಊಟ ಮಾಡಿ ಹೋಗಿ ಎಂದು ಅವನು ಹೇಳಲಿಲ್ಲ. ನಮ್ಮ ಕಡೆ ಆ ಹೊತ್ತಿನಲ್ಲಿ ಹಗೆಯವನಿಗೂ ಹೇಳುತ್ತಾರೆ. ಬಾಗಿಲವರೆಗೆ ಬಂದು ಒಂದು ಮಾತು ಹೇಳಿದ.

"ಕಥಿ ಹೇಳ್ರಿ ಸರ್, ನಾ ಬ್ಯಾಡನ್ನಲ್ಲ. ಮಂದಿ ನಗ್ಲಿ. ನಿಮ್ಮ ಹೊಟ್ಟಿಪಾಡು. ಆದ್ರ ನನ್ನ ಕೈಲೆ ಬರಸಬ್ಯಾಡ್ರಿ. ನನಗ ಬರಿಯಾಕ ಬರಂಗಿಲ್ಲ. ಅದು ನಿಮಗ ಗೊತ್ತದ."

ಬಸ್ಸಿನಲ್ಲಿ ತೀರ್ಮಾನ ಮಾಡಿದ್ದೆ, ಮುಂದಿನ ಕ್ಲಾಸಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದು. ಆ ಹುಡುಗಿ ಎದುರಿನ ಬೆಂಚಿನಲ್ಲಿ ಕೂತಿರುತ್ತಾಳೆ, ಅವಳನ್ನು ನೋಡಿ ಹೇಳುತ್ತೇನೆ ಎಂದು.

ಅವಳು ಕೂತಿದ್ದಳು. "ಹೋದ ವಾರ ಒಬ್ಬರು ಮಿಸ್ತ್ರಿ ಬಗ್ಗೆ ಒಂದು ಪ್ರಶ್ನೆ ಕೇಳಿದ್ರು" ಎಂದು ಶುರು ಮಾಡಿದೆ. ಮಿಸ್ತ್ರಿಯ ಹೆಸರು ಬಂತೆಂದರೆ ಸಾಕು, ಹಿಂದಿನ ಬೆಂಚಿನವರು ಆಗಲೇ ನಗತೊಡಗಿದ್ದರು. ಗುಮಾಸ್ತನೊಬ್ಬ, "ಸರ್, ಆ ಟೆಂಗಿನಕಾಯಿ ಮಾರಿ ಇನ್ನೊಮ್ಮೆ ಮಾಡ್ರಿ" ಎಂದು ಕೂಗಿದ. ಮಾಡಿದೆ. ನಗು ಮೆಟ್ಟಿಲ ಕೆಳಗಿನ ಟೈರ್ ಅಂಗಡಿಯವರೆಗೆ ಕೇಳಿಸಿರಬೇಕು. ಅದು ನಿಲ್ಲುವವರೆಗೆ ಕಾದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಅವನಿಗೆ ಒಂದಕ್ಷರ ಬರತಿದ್ದಿಲ್ಲ ಅಂದದ್ದು ನನ್ನ ತಪ್ಪು" ಎಂದೆ. "ಮೂರು ತಿಂಗಳು ನನ್ನ ಹತ್ತಿರ ಕಲ್ತಿದ್ದ. ನಾನ ಕೈಹಿಡಿದು ಬರಿಯಾಕ ಕಲಸಿದ್ದೆ. ಮಷೀನ್ ಮ್ಯಾಲೆ ಆ ಹೆಸರು ಅವನೇ ಬರದ."

ಹುಡುಗಿ ತಲೆ ಬಗ್ಗಿಸಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮತ್ತೆ ಕೇಳಲಿಲ್ಲ.